ಸುಮಾ, ಎರಡು ಗಂಟೆ ಆಯ್ತಂದ್ರೆ ವಾಪಸ್ ತಿರುಗಿಬಿಡಿ

ಸುಮಾ, ರಾತ್ರಿ ನೀನು ಹಾಕಿದ್ದು ಈಗ ನೋಡಿದೆ ಕಣೇ. ಅಕ್ಟೋಬರ್ 22ಕ್ಕೆ ಜಪಾನಿನ ಮತ್ಸುಮೊತೊ, ಐದು ದಿನ, ಅಷ್ಟೊತ್ತಿಗೆ ಶರತ್ಕಾಲದ ಕೆಂಪೆಲೆ ಎಲ್ಲ ಉದುರಿಹೋಗಿರತ್ತಾ, ಮಾವನವರ ಮಂಡಿಗೆ ಆಗತ್ತಾ, ಸೇಬಿನ ತೋಟ ಸಿಗತ್ತಾ ಅಂತ ತಾನೇ? ಹೇಳ್ತೀನಿ. ಟೈಪ್ ಮಾಡಕ್ಕೆ ಬೆರಳು ಓಡಲ್ಲ, ಬಾಯಲ್ಲಿ ಹೇಳ್ತಿದ್ರೆ ಫೋನೇ ಬರ್ಕೊಳತ್ತೆ. ತಪ್ಪಿದ್ರೆ ತಿದ್ಕೊಂಡು ಓದಿ.

ಎಲೆ ವಿಷಯ ಆಮೇಲೆ. ಮೊದಲು ಹೊತ್ತಿನ ವಿಷಯ ಕೇಳು. ಕಾಮಿಕೋಚಿ ಕಣಿವೆಗೆ ಹೋದ ದಿನ ಮಧ್ಯಾಹ್ನ ಎರಡು ಗಂಟೆ ಆಯ್ತು ಅಂದ್ರೆ, ಎಲ್ಲೇ ಇರಿ, ಬಸ್ ಸ್ಟ್ಯಾಂಡ್ ಕಡೆ ತಿರುಗಿಬಿಡಿ.

ಗಿರಿ ಅಲ್ಲಿದ್ದಾಗ ನಾವು ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ಕಪ್ಪಾ ಸೇತುವೆಯಿಂದ ಮ್ಯೋಜಿನ್ ಕೊಳಕ್ಕೆ ಒಂದು ಗಂಟೆ ನಡಿಗೆ. ದಾರಿ ಸಮತಟ್ಟು, ಏದುಸಿರೇ ಬರಲ್ಲ, ಅದಕ್ಕೇ ಹೊತ್ತು ಹೋಗಿದ್ದು ತಿಳಿಯಲ್ಲ. ನಿಮ್ಮ ದೊಡ್ಡಪ್ಪ ಕೊಳದ ಹತ್ರ ಕೂತವರು ಮೂರು ಗಂಟೆಯಾದ್ರೂ ಏಳಲಿಲ್ಲ. ಸೂರ್ಯಾಸ್ತ ಐದಕ್ಕೆ ಅಂತ ಫೋನು ತೋರಿಸ್ತಿತ್ತು. ಅದು ಬಯಲಿನ ಲೆಕ್ಕ ಕಣಮ್ಮ. ಆ ಕಣಿವೆ ಇರೋದು 1,500 ಮೀಟರಲ್ಲಿ, ಪಶ್ಚಿಮಕ್ಕೆ ನಿಶಿ ಹೋತಾಕಾ ಬೆಟ್ಟ 2,900 ಮೀಟರ್ ಗೋಡೆ ಥರ ನಿಂತಿದೆ. ಬಿಸಿಲು ಎಷ್ಟೋ ಮುಂಚೆನೇ ಆ ಗೋಡೆ ಹಿಂದೆ ಹೋಗಿಬಿಡತ್ತೆ. ಶರತ್ಕಾಲದ ಸೂರ್ಯ ಬಾವಿಗೆ ಬಿಟ್ಟ ಕೊಡ ಇದ್ದಹಾಗೆ ಅಂತ ಅವರಲ್ಲೇ ಒಂದು ಗಾದೆ ಇದೆ. ನಮ್ಮ ಹಳೇ ಮನೆ ಬಾವೀಲಿ ಹಗ್ಗ ಕೈಜಾರಿದ್ರೆ ಹೇಗೆ ಹೋಗ್ತಿತ್ತು, ಹಾಗೆ.

ಜೌಗು ಇರೋ ಕಡೆ ಹಲಗೆ ಹಾಸಿರ್ತಾರೆ. ಮರದ ನೆರಳಲ್ಲಿರೋ ಹಲಗೆ ಮೇಲೆ ಬೆಳಗಿನ ಹಿಮ ಇಡೀ ದಿನ ಕರಗಿರಲ್ಲ, ಉಪ್ಪು ಉದುರಿಸಿದಂಗೆ ಬೆಳ್ಳಗೆ ಕೂತಿರತ್ತೆ. ಇವರ ಕಾಲಲ್ಲಿ ಇದ್ದದ್ದು ಪಾರ್ಕಿಗೆ ವಾಕಿಂಗ್ ಹೋಗೋ ಸವೆದ ಬೂಟು. ಒಂದೊಂದು ಹಲಗೆಗೂ ನನ್ನ ತೋಳು ಹಿಡ್ಕೊಂಡು, ಒಂದು ಗಂಟೆ ದಾರಿ ಎರಡು ಗಂಟೆ ಹತ್ರ ಹತ್ರ ಆಯ್ತು. ಬರೋ ಹೊತ್ತಿಗೆ ಕೊನೇ ಬಸ್ಸು ಹೋಗಿತ್ತು. ಗಿರಿಗೆ ಕಾರ್ ತಗೊಂಡು ಬಾ ಅನ್ನೋ ಹಾಗೂ ಇಲ್ಲ. ಖಾಸಗಿ ಗಾಡಿ ಅಲ್ಲಿಗೆ ವರ್ಷಪೂರ್ತಿ ನಿಷೇಧ, ಬಸ್ಸು ಟ್ಯಾಕ್ಸಿ ಎರಡೇ. ರಾತ್ರಿ ಆದ್ರೆ ಕಾಮಾ ಸುರಂಗದ ಗೇಟನ್ನೂ ಮುಚ್ಚಿಬಿಡ್ತಾರೆ. ಕೊನೆಗೆ ಟ್ಯಾಕ್ಸಿಗೆ ಸುರಿದ ದುಡ್ಡು ಹೇಳಿದ್ರೆ ನಿಮ್ಮ ದೊಡ್ಡಪ್ಪ ಈಗಲೂ ಎದ್ದು ಒಳಗೆ ಹೋಗ್ತಾರೆ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ. ಎರಡು ಗಂಟೆ. ಫೋಟೋ ಬಾಕಿ ಇದೆ, ಕಾಫಿ ಬಾಕಿ ಇದೆ, ಏನೇ ಇರಲಿ, ತಿರುಗಿಬಿಡಿ.

ಇದನ್ನೆಲ್ಲ ಬಂದ ವಾರವೇ ಗ್ರೂಪಲ್ಲಿ ಹಾಕಿದ್ದೆ, ಒಬ್ಬರೂ ಓದಿಲ್ಲ. ಓದಿದ್ರೆ ಸುಮಾ ಇವತ್ತು ಕೇಳ್ತಿದ್ಲಾ? ಆದ್ರೆ ದೊಡ್ಡಮ್ಮ ಜಪಾನಿಗೆ ಹೋಗಿ ಮನೆಗೊಂದು ಸೇಬೂ ತರಲಿಲ್ಲ ಅಂತ ನಾಮಕರಣದ ಮನೇಲಿ ಆಡ್ಕೊಂಡಿದ್ದು ಮಾತ್ರ ನನ್ನ ಕಿವಿಗೆ ಬಿತ್ತು. ಹೆಸರು ಹೇಳಲ್ಲ, ಅವರಿಗೇ ಗೊತ್ತು. ಹಸಿ ಹಣ್ಣನ್ನ ಸಸ್ಯ ತಪಾಸಣೆ ಕಾಗದ ಇಲ್ಲದೆ ವಿಮಾನದಲ್ಲಿ ದೇಶದೊಳಗೆ ತರೋ ಹಾಗಿಲ್ಲ ಕಣ್ರೋ. ಹೋಗೋವಾಗಲೂ ಅಷ್ಟೇ. ಚಟ್ನಿಪುಡಿ ಒಯ್ಯಿ, ಹಸಿ ಕರಿಬೇವು, ಮಾವಿನಹಣ್ಣು ಬೇಡ. ಶೀತದ ಮಾತ್ರೇಲಿ ಸ್ಯೂಡೋಎಫೆಡ್ರಿನ್ ಇದ್ರೆ ಅದನ್ನೂ ಇಲ್ಲೇ ಬಿಡು, ಜಪಾನಲ್ಲಿ ತಕರಾರು. ಮಾವನವರ ದಿನದ ಮಾತ್ರೆ ಒಂದು ತಿಂಗಳಿನಷ್ಟರ ಒಳಗಿದ್ರೆ ತೊಂದರೆ ಇಲ್ಲ, ಚೀಟಿ ಜೊತೇಲಿರಲಿ.

ಸೇಬು ಅಲ್ಲೇ ತಿಂದು ಬನ್ನಿ. ಮತ್ಸುಮೊತೊ ಇರೋ ನಾಗಾನೊ ಅಂದ್ರೆ ಜಪಾನಲ್ಲಿ ಅಓಮೊರಿ ಬಿಟ್ರೆ ಅತಿ ಹೆಚ್ಚು ಸೇಬು ಬೆಳೆಯೋ ಪ್ರಾಂತ್ಯ. ನೀವು ಹೋಗೋ ಹೊತ್ತಿಗೆ ಕಡುಗೆಂಪಿನ ಅಕಿಬಾಯೆ ಮುಗೀತಾ ಬಂದಿರತ್ತೆ. ಶಿನಾನೊ ಸ್ವೀಟ್, ಹಳದಿ ಬಣ್ಣದ ಶಿನಾನೊ ಗೋಲ್ಡ್ ಸಿಗತ್ತೆ. ನನ್ನ ಕೇಳಿದ್ರೆ ಗೋಲ್ಡೇ ಸರಿ, ಸ್ವಲ್ಪ ಹುಳಿ ಇದೆ. ಫ್ಯೂಜಿ ಕೇಳಬೇಡ, ಅದು ನವೆಂಬರಿಗೆ. ಮತ್ಸುಮೊತೊದಿಂದ ಓಇತೊ ಲೈನ್ ರೈಲಲ್ಲಿ ಅರ್ಧ ಗಂಟೆ, ಅಜುಮಿನೊ ಕಡೆ ತೋಟ ಬೇಕಾದಷ್ಟಿವೆ. ಕೆಲವು ಕಡೆ ದುಡ್ಡು ಕಟ್ಟಿ ಕೂತಲ್ಲೇ ತಿನ್ನೋದು, ಕೆಲವು ಕಡೆ ಕಿತ್ತಿದ್ದನ್ನ ತೂಗಿ ಕೊಡೋದು. ಒಳಗೆ ಹೋಗೋ ಮುಂಚೆ ಯಾವುದು ಅಂತ ಕೇಳು. ಮಕ್ಕಳಿಗೆ ಹೇಳು, ಹಣ್ಣು ಹಿಡಿದು ಎಳೀಬಾರದು. ಅಂಗೈಲಿ ಹಿಡ್ಕೊಂಡು, ತೊಟ್ಟು ರೆಂಬೆಗೆ ಸೇರೋ ಜಾಗಕ್ಕೆ ತೋರುಬೆರಳು ಒತ್ತಿ, ಮೇಲಕ್ಕೆ ಎತ್ತಿ ತಿರುಗಿಸಿದ್ರೆ ತೊಟ್ಟಿನ ಸಮೇತ ಕಳಚ್ಕೊಳತ್ತೆ. ಎಳೆದ್ರೆ ಮುಂದಿನ ವರ್ಷದ ಮೊಗ್ಗೂ ಕಿತ್ಕೊಂಡು ಬರತ್ತೆ, ತೋಟದವರಿಗೆ ಅದೇ ಹೊಟ್ಟೆಉರಿ. ಮರದ ಬುಡದಲ್ಲಿ ಬೆಳ್ಳಿ ಹಾಳೆ ಹಾಸಿರ್ತಾರೆ, ಹಣ್ಣಿನ ಅಡಿಗೂ ಬಿಸಿಲು ಹೊಡೆದು ಬಣ್ಣ ಬರಲಿ ಅಂತ. ಅದರ ಮೇಲೆ ಬೂಟುಕಾಲಲ್ಲಿ ಓಡಾಡಿಸಬೇಡ.

ಅಯ್ಯೋ, ನೀನು ಕೇಳಿದ್ದೇ ಎಲೆ ವಿಷಯ ಅಲ್ವಾ.

ಊರು ನೋಡಬೇಡ, ಎತ್ತರ ನೋಡು. ಬಣ್ಣ ಮೇಲಿಂದ ಕೆಳಗೆ ಇಳಿಯತ್ತೆ. ನಿನ್ನ ಪಟ್ಟೀಲಿರೋ ಸೆಂಜೋಜಿಕಿ ಬೆಟ್ಟದ ಮೇಲೆ 2,612 ಮೀಟರಲ್ಲಿದೆ, ಅಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೇ ಮುಗಿದಿರತ್ತೆ. ಅದನ್ನ ತೆಗೆದುಹಾಕು. ಏಜೆಂಟು ಯಾಕೆ ಹಾಕಿದಾನೋ. ಏಳೂವರೆ ನಿಮಿಷದಲ್ಲಿ ರೋಪ್‌ವೇ 950 ಮೀಟರ್ ಮೇಲಕ್ಕೆ ಒಯ್ಯತ್ತೆ, ಮಾವನವರ ಬಿಪಿಗೂ ಅದು ಬೇಡ. ಕಾಮಿಕೋಚೀಲಿ ಆ ವಾರ ಕರಮತ್ಸು ಮರ ಬಂಗಾರ ಆಗಿರತ್ತೆ, ಗಾಳಿ ಬಂದ್ರೆ ಸೂಜಿಯಂಥ ಎಲೆ ಕೋಟಿನ ಮೇಲೆಲ್ಲ ಉದುರತ್ತೆ. ತೊಗಾಕುಶಿಯ ಕಾಗಾಮಿ ಕೊಳ 1,200 ಮೀಟರ್, ಅದೂ ಸರಿಯಾದ ಹೊತ್ತು. ಮತ್ಸುಮೊತೊ ಕೋಟೆ ಹತ್ರ ಇನ್ನೂ ಹಸಿರೇ ಇರತ್ತೆ, ಅಲ್ಲಿ ನವೆಂಬರ್ ಮೊದಲ ವಾರ. ಕುರೊಬೆ ಅಣೆಕಟ್ಟಲ್ಲಿ ನೋಡೋರಿಗೋಸ್ಕರ ನೀರು ಬಿಡೋದು ಅಕ್ಟೋಬರ್ 15ಕ್ಕೆ ನಿಲ್ಲತ್ತೆ. ಹೋದ್ರೂ 220 ಮೆಟ್ಟಿಲಿನ ಕಡೆ ಮಾವನವರನ್ನ ಕರ್ಕೊಂಡು ಹೋಗಬೇಡ. ಅಣೆಕಟ್ಟಿನ ಮಟ್ಟಕ್ಕೇ ಸೀದಾ ಹೋಗೋ ದಾರಿ ಇದೆ.

ಮಂಡಿಗೆ ಹೀಗೆ ಮಾಡು. ಮತ್ಸುಮೊತೊದಿಂದ ಶಿನ್ ಶಿಮಾಶಿಮಾಗೆ ರೈಲು ಅರ್ಧ ಗಂಟೆ, ಅಲ್ಲಿಂದ ಬಸ್ಸು ಒಂದು ಗಂಟೆ ಚಿಲ್ಲರೆ. ನಡೆಯೋ ಆಸೆ ಇರೋರು ತೈಶೊ ಕೊಳದ ಸ್ಟಾಪಲ್ಲಿ ಇಳೀಲಿ, ಕಪ್ಪಾ ಸೇತುವೆಗೆ ಒಂದು ಗಂಟೆ. 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು ನದಿ ಕಟ್ಟಿ ಆದ ಕೊಳ ಅದು. ಮಾವನವರು ಕೊನೇ ಸ್ಟಾಪಿಗೇ ಹೋಗಲಿ, ಅಲ್ಲಿಂದ ಸೇತುವೆ ಐದೇ ನಿಮಿಷ. ಮತ್ಸುಮೊತೊಗಿಂತ ಅಲ್ಲಿ ಐದಾರು ಡಿಗ್ರಿ ಚಳಿ ಜಾಸ್ತಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ಮೇಲು, ಬೂಟಿನ ಅಡಿ ಹಲ್ಲು ಸವೆದಿರಬಾರದು.

ಬಸ್ಸಿಗೆ ಹೋಗೋದು ಬರೋದು ಎರಡೂ ಸೀಟು ಮೊದಲೇ ಹಿಡಿ. ಟೋಕಿಯೊದ ಶಿಂಜುಕುದಿಂದ ಮತ್ಸುಮೊತೊಗೆ ಬರೋ ಅಜುಸಾ ರೈಲಲ್ಲಿ ಎಲ್ಲಾ ಸೀಟೂ ರಿಸರ್ವ್ಡು. ಒಂದು ತಿಂಗಳು ಮುಂಚೆ ಅಲ್ಲಿನ ಹತ್ತು ಗಂಟೆಗೆ ಬುಕಿಂಗ್ ತೆಗೀತಾರೆ. ಅಂದ್ರೆ ನಿನಗೆ ಸೆಪ್ಟೆಂಬರ್ 22, ನಮ್ಮ ಬೆಳಿಗ್ಗೆ ಆರೂವರೆ. ಅಲಾರಂ ಈಗಲೇ ಇಟ್ಕೋ.