ಸಿಡ್ನಿಯೋ ಮೆಲ್ಬರ್ನೋ: ಅವರೆಕಾಯಿ ಸುಲಿಯುತ್ತಾ ಆದ ತೀರ್ಮಾನ

ಎಲ್ಲರಿಗೂ ನಮಸ್ಕಾರ. ನವೆಂಬರಿನಲ್ಲಿ ಇದೇ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಕ್ಯಾನ್‌ಬೆರಾದಲ್ಲಿ ನಾಲ್ಕು ವರ್ಷ ಇದ್ದಾಯ್ತು. ಈಗ ನಮ್ಮನೆಯವರ ಕಂಪನಿಯವರು ಸಿಡ್ನಿಗಾದರೂ ಹೋಗಿ, ಮೆಲ್ಬರ್ನ್‌ಗಾದರೂ ಹೋಗಿ ಅಂತಿದ್ದಾರೆ. ಮಕ್ಕಳಿರುವವರಿಗೆ ಯಾವುದು ವಾಸಿ ಅಂತ. ಉತ್ತರಗಳೇನೋ ರಾಶಿ ಬಂದವು. ಅರ್ಧ ಜನ ಸಿಡ್ನಿ, ಅರ್ಧ ಜನ ಮೆಲ್ಬರ್ನ್. ಇಬ್ಬರು ಬ್ರಿಸ್ಬೇನ್ ಅಂದರು, ಅವರು ಪ್ರಶ್ನೆ ಓದಿರಲಿಲ್ಲ ಅನ್ನಿಸುತ್ತೆ.

ಏನಾಯ್ತು ಅಂತ ಕೆಲವರು ಕೇಳುತ್ತಲೇ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಅಲ್ಲಿ ಶಾಲೆಗೆ ಬೇಸಿಗೆ ರಜೆ, ಇಲ್ಲಿ ಅವರೆಕಾಯಿ ಕಾಲ. ನಾವು ಚಿಕ್ಕಬಳ್ಳಾಪುರಕ್ಕೆ ಬಂದು ಮೂರು ವಾರ ಆಯಿತು. ಅಮ್ಮನ ಮನೆ ಜಗಲಿಯಲ್ಲಿ ದಿನಾ ಒಂದು ಮಂಕರಿ ಕಾಯಿ ಸುರಿದುಕೊಂಡು ಕೂರುತ್ತೇವೆ. ಕಾಳು ನೆನೆಸಿ ಹಿತುಕುವುದಕ್ಕೆ ಮಗಳೂ ಸೇರಿಕೊಂಡಿದ್ದಾಳೆ. ಬೇಳೆ ಚಿಮ್ಮಿ ಗೋಡೆಗೆ ಬಡಿದರೆ ಅವಳಿಗೆ ಖುಷಿ. ಕ್ಯಾನ್‌ಬೆರಾದಲ್ಲಿ ಇದೇ ಜಾತಿಯ ಕಾಳು ಫ್ರೀಜರ್ ಪ್ಯಾಕೆಟ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅನ್ನುವ ಗುಜರಾತಿ ಹೆಸರಲ್ಲಿ ಸಿಗುತ್ತೆ. ಅದು ನಮ್ಮ ಅವರೆಯ ಹತ್ತಿರದ ಸಂಬಂಧಿ ಅಂತ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಸೋದರಮಾವ ಕೇಳಿದರು, "ಅವೆರಡು ಊರಿಗೆ ಅದೇನು ಅಷ್ಟು ಜಗಳ?" ನಾನು ಕ್ಯಾನ್‌ಬೆರಾ ಕಥೆ ಹೇಳಿದೆ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶ ಆದಾಗ ರಾಜಧಾನಿ ನಮ್ಮಲ್ಲೇ ಆಗಬೇಕು ಅಂತ ಇಬ್ಬರಿಗೂ ಹಟ. ಕೊನೆಗೆ ಸಂವಿಧಾನದಲ್ಲೇ ಬರೆದರು: ರಾಜಧಾನಿ ಸಿಡ್ನಿ ಇರುವ ರಾಜ್ಯದಲ್ಲಿ ಇರಲಿ, ಆದರೆ ಸಿಡ್ನಿಯಿಂದ ಕಡಿಮೆ ಅಂದರೂ 100 ಮೈಲಿ ದೂರ ಇರಲಿ. ಅದು ಸಿದ್ಧ ಆಗುವ ತನಕ ಸಂಸತ್ತು ಮೆಲ್ಬರ್ನ್‌ನಲ್ಲಿ ನಡೆಯಲಿ. ಹಾಗೆ 1927ರವರೆಗೆ ಮೆಲ್ಬರ್ನ್‌ನಲ್ಲೇ ನಡೆಯಿತು, ಆಮೇಲೆ ಎರಡೂ ಊರಿನ ಮಧ್ಯೆ ಹೊಸದಾಗಿ ಕಟ್ಟಿದ ಕ್ಯಾನ್‌ಬೆರಾಕ್ಕೆ ಬಂತು. ಮಾವ ನಕ್ಕರು. "ನಾವು 2007ರಲ್ಲಿ ಕೋಲಾರದಿಂದ ಬೇರೆ ಜಿಲ್ಲೆ ಆದ್ವಲ್ಲ, ಅದೇ ಎಷ್ಟೋ ವಾಸಿ. ಮಧ್ಯದಲ್ಲಿ ಮೂರನೇ ಊರು ಕಟ್ಟಲಿಲ್ಲ."

ಅವರು ಮುಂದೆ ಕೇಳಿದ್ದು ನೀರಿನ ವಿಷಯ. ಅವರ ದ್ರಾಕ್ಷಿ ತೋಟದಲ್ಲಿ ಕೊನೆಯ ಬೋರ್‌ವೆಲ್ 1,300 ಅಡಿಗೆ ಹೋಗಿದೆ. ಈ ಕಡೆಯವರು ಯಾವ ಊರಿನ ಹೆಸರು ಹೇಳಿದರೂ ಮೊದಲು ನೀರೇ ಕೇಳುತ್ತಾರೆ. ಎರಡೂ ಊರಿನವರು ದೊಡ್ಡ ಬರ ಕಂಡು, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿಕೊಂಡಿದ್ದಾರೆ ಅಂದೆ. ಸಿಡ್ನಿಯದು ಕರ್ನೆಲ್‌ನಲ್ಲಿ 2010ಕ್ಕೆ ಶುರುವಾಯಿತು, ಮೆಲ್ಬರ್ನ್‌ನದು ವೊಂಥಾಗಿ ಹತ್ತಿರ 2012ಕ್ಕೆ ಮುಗಿಯಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಸಮುದ್ರ, ನಮಗೆ ಬೆಂಗಳೂರಿನ ಬಚ್ಚಲು" ಅಂದರು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾರಲ್ಲ, ಅದಕ್ಕೆ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ದುಡ್ಡು ಒಂದೇ ನೋಡಿದರೆ ಮೆಲ್ಬರ್ನ್, ಅದರಲ್ಲಿ ಎರಡು ಮಾತಿಲ್ಲ. ಮನೆ ಬೆಲೆಯಲ್ಲಿ ಸಿಡ್ನಿ ದೇಶಕ್ಕೇ ದುಬಾರಿ. ಮೆಲ್ಬರ್ನ್ ಈಚೆಗೆ ಬ್ರಿಸ್ಬೇನ್‌ಗಿಂತಲೂ ಕೆಳಗೆ ಬಂದಿದೆ. ಮೆಲ್ಬರ್ನ್ ಹೊರವಲಯದ ಟಾರ್ನೀಟ್ ಕಡೆ ನಾಲ್ಕು ಕೋಣೆಯ ಮನೆಗೆ ಸಾಲ ಕಟ್ಟುವ ಕನಸಾದರೂ ಕಾಣಬಹುದು. ಸಿಡ್ನಿಯಲ್ಲಿ ಅದೇ ದುಡ್ಡಿಗೆ ಎರಡು ಕೋಣೆಯ ಫ್ಲಾಟ್, ಅದೂ ಊರ ಮಧ್ಯದಿಂದ ದೂರ, ಪ್ಯಾರಮಟ್ಟದಿಂದ ಆಚೆ. ಮೇಲಿಂದ ಟೋಲ್ ರಸ್ತೆಗಳು. ಕಡಲ ಊರು ಅಂತ ಹೆಸರಿಗಷ್ಟೇ. ನಮ್ಮವರು ಜಾಸ್ತಿ ಇರುವುದು ಪಶ್ಚಿಮದ ಕಡೆ, ಅಲ್ಲಿಗೆ ಸಮುದ್ರದ ಗಾಳಿ ಅಷ್ಟಾಗಿ ಬರುವುದಿಲ್ಲ. 2020ರ ಜನವರಿಯಲ್ಲಿ ಆ ಕಡೆಯ ಪೆನ್‌ರಿತ್‌ನಲ್ಲಿ 48.9 ಡಿಗ್ರಿ ಆಗಿತ್ತು. ಮೆಲ್ಬರ್ನ್ ಹವಾ ಬೇರೆ ಥರ: ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಟೋಪಿ, ಸಂಜೆ ಕೊಡೆ.

ಶಾಲೆ ವಿಷಯಕ್ಕೆ ನಿಜಕ್ಕೂ ತಲೆ ಕೆಟ್ಟಿತು. ಇದನ್ನು ಚಿಕ್ಕ ಮಕ್ಕಳಿರುವವರು ಗಮನಿಸಿ ಓದಿ. ನಮ್ಮ ಮಗನಿಗೆ ಈ ಜೂನ್‌ನಲ್ಲಿ ಐದು ತುಂಬುತ್ತದೆ. ಸಿಡ್ನಿಯಲ್ಲಿ ಜುಲೈ 31ರೊಳಗೆ ಐದು ತುಂಬುವ ಮಕ್ಕಳು ಆ ವರ್ಷವೇ ಶಾಲೆಗೆ ಸೇರಬಹುದು. ಮೆಲ್ಬರ್ನ್‌ನಲ್ಲಿ ಗಡಿ ಏಪ್ರಿಲ್ 30. ಅಂದರೆ ಸಿಡ್ನಿಗೆ ಹೋದರೆ ಇವನು ಈಗಲೇ, ಈ ರಜೆ ಮುಗಿದ ಕೂಡಲೇ ಶಾಲೆಗೆ, ನಾಲ್ಕು ವರ್ಷ ಏಳು ತಿಂಗಳಿಗೆ! ಮೆಲ್ಬರ್ನ್‌ಗೆ ಹೋದರೆ ಇನ್ನೊಂದು ವರ್ಷ ಆಟ. ಅಲ್ಲಿ 2023ರಿಂದ ಶಾಲೆಗೆ ಮುಂಚಿನ ಕಿಂಡರ್‌ಗೆ ಶುಲ್ಕವೂ ಇಲ್ಲ. ಇನ್ನೊಂದು ತಮಾಷೆ ಕೇಳಿ. ಸಿಡ್ನಿಯಲ್ಲಿ ಕಿಂಡರ್‌ಗಾರ್ಟನ್ ಅಂದರೆ ಶಾಲೆಯ ಮೊದಲನೇ ವರ್ಷ. ಮೆಲ್ಬರ್ನ್‌ನಲ್ಲಿ ಕಿಂಡರ್ ಅಂದರೆ ಶಾಲೆಗೆ ಮುಂಚಿನದು, ಮೊದಲನೇ ವರ್ಷಕ್ಕೆ ಪ್ರೆಪ್ ಅನ್ನುತ್ತಾರೆ. ನವೆಂಬರಿನಲ್ಲಿ ಇಲ್ಲಿ ಇಬ್ಬರು ಇದೇ ಪದಕ್ಕೆ ಅರ್ಧ ದಿನ ಜಗಳ ಆಡಿದ್ದು ನೆನಪಿದೆ ಅಲ್ವಾ? ಇಬ್ಬರೂ ಸರಿಯಾಗೇ ಹೇಳಿದ್ದರು.

ಮಗಳು ಐದನೇ ಕ್ಲಾಸಿಗೆ. ಸಿಡ್ನಿಯಲ್ಲಿ ಪರೀಕ್ಷೆ ಬರೆದು ಸೇರುವ ಸರ್ಕಾರಿ ಹೈಸ್ಕೂಲುಗಳು ಬಹಳ ಇವೆ. ಆರನೇ ಕ್ಲಾಸಿನಲ್ಲಿ ಬರೆದು ಏಳಕ್ಕೆ ಸೇರಬೇಕು. ಮೆಲ್ಬರ್ನ್‌ನಲ್ಲಿ ಅಂಥವು ನಾಲ್ಕೇ, ಸೇರುವುದು ಒಂಬತ್ತಕ್ಕೆ. ಹೀಗಾಗಿ ಸಿಡ್ನಿಯಲ್ಲಿ ನಮ್ಮವರ ಮಕ್ಕಳು ಎಂಟು ವರ್ಷಕ್ಕೇ ಟ್ಯೂಷನ್ ಬ್ಯಾಗ್ ಹೊರುತ್ತಾರೆ. ನಾನು ಬಿಟ್ಟು ಬಂದ ಟ್ಯೂಷನ್ ಕಾಟ ಸಮುದ್ರ ದಾಟಿ ನನಗಿಂತ ಮುಂಚೆ ಹೋಗಿ ಕೂತಿದೆ. ಅವಳನ್ನು ಇದಕ್ಕೆ ದೂಡುವುದಿಲ್ಲ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಅಕ್ಕಪಕ್ಕದ ಮನೆ ಮಕ್ಕಳೆಲ್ಲ ಹೋಗುವಾಗ ಆ ಮಾತು ಎಷ್ಟು ದಿನ ನಿಲ್ಲುತ್ತೋ ನೋಡಬೇಕು.

ಕನ್ನಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಡ್ನಿಯಲ್ಲಿ ಸುಗಮ ಕನ್ನಡ ಕೂಟ, ಮೆಲ್ಬರ್ನ್‌ನಲ್ಲಿ ಕನ್ನಡ ಸಂಘ, ಎರಡೂ ಕಡೆ ನಮ್ಮವರಿದ್ದಾರೆ. ಮನೆಯಲ್ಲಿ ಮಾತಾಡದಿದ್ದರೆ ಯಾವ ಸಂಘವೂ ಏನೂ ಮಾಡಲಾಗದು.

ಇಲ್ಲಿವರೆಗೆ ಓದಿದವರು ಮೆಲ್ಬರ್ನ್ ಅಂದುಕೊಂಡಿರುತ್ತೀರಿ. ನಮ್ಮನೆಯವರೂ ಹಾಗೇ ಅಂದುಕೊಂಡಿದ್ದರು. ಎರಡು ಕಾಲಂ ಮಾಡಿ ಎಕ್ಸೆಲ್‌ನಲ್ಲಿ ಅಂಕ ಕೊಟ್ಟಿದ್ದರು, ಮೆಲ್ಬರ್ನ್ ಗೆದ್ದಿತ್ತು.

ಆ ಕಾಲಂನಲ್ಲಿ ಇಲ್ಲದಿದ್ದದ್ದು ಅಮ್ಮ. ಅಮ್ಮನಿಗೆ 68. ಅಪ್ಪ ಹೋದ ಮೇಲೆ ಒಬ್ಬರೇ ಇದ್ದಾರೆ. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಒಬ್ಬರೇ ಬಂದರು. ಮಧ್ಯದ ಒಂದು ದೇಶದಲ್ಲಿ ವಿಮಾನ ಬದಲಿಸಬೇಕಿತ್ತು. ವೀಲ್‌ಚೇರ್ ಹೇಳಿದ್ದೆವು, ಯಾರೂ ಬರಲಿಲ್ಲ. ಗೇಟ್ ಬದಲಾಗಿದ್ದು ಅಮ್ಮನಿಗೆ ಗೊತ್ತಾಗಲಿಲ್ಲ. ಇಂಗ್ಲಿಷೂ ಬರಲ್ಲ, ಹಿಂದಿಯೂ ಬರಲ್ಲ. ನಾಲ್ಕು ಗಂಟೆ ಅದೇ ಕುರ್ಚಿಯಲ್ಲಿ ಕೋಡುಬಳೆ ತಿಂದುಕೊಂಡು ಕೂತಿದ್ದರಂತೆ. ಪಕ್ಕದಲ್ಲಿ ಯಾರೋ ದಂಪತಿ ತೆಲುಗು ಮಾತಾಡಿದ್ದು ಕಿವಿಗೆ ಬಿತ್ತು. ಚಿಕ್ಕಬಳ್ಳಾಪುರದವರಿಗೆ ತೆಲುಗು ಬರದೆ ಇರುತ್ತಾ? ಅವರೇ ಕೈಹಿಡಿದು ಗೇಟಿಗೆ ಮುಟ್ಟಿಸಿದರು. ಇಷ್ಟಾಗಿ ಇಳಿದ ಮೇಲೆ ಕಸ್ಟಮ್ಸ್‌ನವರು ಕರಿಬೇವು, ಒಂದು ಕೆಜಿ ಅವರೆಕಾಳು ತೆಗೆದು ಬುಟ್ಟಿಗೆ ಹಾಕಿದರು. ಅಮ್ಮ ಇವತ್ತಿಗೂ ದುಃಖ ಪಡುವುದು ಗೇಟಿಗಲ್ಲ, ಆ ಕಾಳಿಗೆ.

ಬೆಂಗಳೂರಿನಿಂದ ಸಿಡ್ನಿಗೆ 2022ರ ಸೆಪ್ಟೆಂಬರ್‌ನಿಂದ ನೇರ ವಿಮಾನ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಮಾವ ಹತ್ತಿಸಿ ಬಂದರೆ ಹನ್ನೆರಡು ಗಂಟೆಯೊಳಗೆ ನಾನು ಆ ಕಡೆ ನಿಂತಿರುತ್ತೇನೆ. ಮೆಲ್ಬರ್ನ್‌ಗೆ ಆದರೆ ಮತ್ತೆ ಎಲ್ಲೋ ಇಳಿದು ಹತ್ತಬೇಕು. ತಂದೆತಾಯಿಯ ಕಾಯಂ ವೀಸಾಕ್ಕೆ ಎಷ್ಟು ವರ್ಷ ಕಾಯಬೇಕು ಅಂತ ನಿಮಗೆಲ್ಲ ಗೊತ್ತು. ಅದನ್ನು ನೆಚ್ಚಿಕೊಂಡು ಕೂರಲಾಗುವುದಿಲ್ಲ. ಅಮ್ಮ ಬಂದು ಹೋಗಿ ಮಾಡಬೇಕು ಅಷ್ಟೇ.

ಇದನ್ನು ಅಮ್ಮನಿಗೆ ಹೇಳಿದರೆ ಬೈದರು. "ನನ್ನ ಸಲುವಾಗಿ ಮನೆ ಕಳ್ಕೊಬೇಡ ಕಣೇ. ವರ್ಷಕ್ಕೆ ಮೂರು ತಿಂಗಳು ಬರೋಳು ನಾನು." ಹೌದು, ಮೂರು ತಿಂಗಳೇ. ಹೋದ ಸಲ ಆ ಮೂರು ತಿಂಗಳಲ್ಲೇ ಮಗ ಮುದ್ದೆ ನುಂಗುವುದು ಕಲಿತ, ಮಗಳು ಒಂದರಿಂದ ನೂರು ಕನ್ನಡದಲ್ಲಿ ಎಣಿಸಿದಳು. ಅದಕ್ಕೆ ಮುಂಚೆ ನಾನು ಎಷ್ಟು ಹೆಣಗಾಡಿದರೂ ಆಗಿರಲಿಲ್ಲ.

ಹಾಗಾಗಿ ಸಿಡ್ನಿ. ಸ್ವಂತ ಮನೆ ಸದ್ಯಕ್ಕೆ ಇಲ್ಲ. ಮಗನನ್ನು ಈ ವರ್ಷ ಶಾಲೆಗೆ ಹಾಕುವುದಿಲ್ಲ. ಡೇಕೇರ್ ದುಡ್ಡು ಹೋದರೆ ಹೋಗಲಿ, ಮುಂದಿನ ವರ್ಷ ಹಾಕಿದರಾಯಿತು. ಇವರು ಇನ್ನೂ ಎಕ್ಸೆಲ್ ತೆರೆದು ನೋಡುತ್ತಾರೆ, ನಾನು ನೋಡದ ಹಾಗೆ ಇರುತ್ತೇನೆ.

ಅಮ್ಮ ಏಪ್ರಿಲ್‌ಗೆ ಬರುತ್ತಾರೆ. ಸಿಡ್ನಿಯ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ಕಡೆ ಇರುವವರು ಯಾರಾದರೂ ಬಾಡಿಗೆ ಮನೆ ಖಾಲಿ ಇದ್ದರೆ ತಿಳಿಸಿ. ಸ್ಟೇಷನ್‌ಗೆ ನಡೆದು ಹೋಗುವ ಹಾಗಿರಲಿ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಇರಬಾರದು.