ಹುಡುಕುವ ಪೆಟ್ಟಿಗೆಯ ಹಟ

ಮರೆತವರ ಅನುಕೂಲಕ್ಕೆಂದೇ ಹುಟ್ಟಿದ ಹುಡುಕುವ ಪೆಟ್ಟಿಗೆಯು, ಬರೆದದ್ದನ್ನು ಅಕ್ಷರ ತಪ್ಪದಂತೆ ಮೊದಲು ನೆನಪಿಸಿಕೊಂಡು ಬಾ ಎಂದು ಮರೆತವನನ್ನೇ ಗದರಿಸುವುದು ಯಾವ ಊರಿನ ನ್ಯಾಯ ಎಂದು ಹೆಗಡೆಯವರು ಕೇಳಿದಾಗ, ತೀರ್ಥಹಳ್ಳಿಯ ಅವರ ಮನೆಯ ಜಗಲಿಯಲ್ಲಿ ಹಲಸಿನ ಹಪ್ಪಳ ಮುರಿಯುತ್ತಿದ್ದ ನಮಗಾರಿಗೂ ಉತ್ತರ ಹೊಳೆಯಲಿಲ್ಲ. ತೋಟದ ಲೆಕ್ಕ, ಕೂಲಿಯ ಮುಂಗಡ, ನೆಂಟರ ಫೋನ್ ನಂಬರು, ಮದುವೆಗಳ ಮುಯ್ಯಿ, ಎಲ್ಲವನ್ನೂ ಅವರು ಟಿಪ್ಪಣಿಯ ಆ್ಯಪೊಂದಕ್ಕೆ ಒಪ್ಪಿಸಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸುವ ಹೊತ್ತಿಗೆ ಮೊದಲ ಸಲದ ಖರ್ಚು ಬೇಕಾಗಿ ‘ಮದ್ದು’ ಎಂದು ಒತ್ತಿದರೆ, ಏನೂ ಸಿಗಲಿಲ್ಲ ಎಂಬ ಉತ್ತರ ಬಂದಿತಂತೆ.

“ನೀವು ಬರೆದಿಟ್ಟದ್ದು ‘ಮದ್ದಿನ ಲೆಕ್ಕ’ ಎಂದಲ್ಲವೇ?” ಎನ್ನುತ್ತ ಮೇಷ್ಟ್ರು ಕನ್ನಡಕವನ್ನು ಮೇಲಕ್ಕೇರಿಸಿಕೊಂಡರು. ಕನ್ನಡಕ ಮೇಲೇರಿತೆಂದರೆ ವ್ಯಾಕರಣ ಕೆಳಗಿಳಿಯುತ್ತದೆಂಬುದು ನಮಗೆಲ್ಲ ಗೊತ್ತು. “‘ಅಡಿಕೆ’ ಎಂದು ಹುಡುಕಿದರೆ ‘ಅಡಿಕೆಗೆ’, ‘ಅಡಿಕೆಯಿಂದ’ ಎಲ್ಲವೂ ಸಿಗುತ್ತವೆ, ಏಕೆಂದರೆ ಮೂಲರೂಪ ಅವುಗಳೊಳಗೆ ಇಡಿಯಾಗಿಯೇ ಇದೆ. ‘ಮದ್ದಿನ’ ಎನ್ನುವಾಗ ಕೊನೆಯ ಉಕಾರ ಲೋಪವಾಗಿರುವುದರಿಂದ ಅದರೊಳಗೆ ‘ಮದ್ದು’ ಉಳಿದಿಲ್ಲ. ಪ್ರತ್ಯಯ ಕಳಚಿ ಹುಡುಕಲು ಇಂಗ್ಲಿಷಿಗೆ ಪೋರ್ಟರ್ ಎಂಬವರು 1980ರಲ್ಲೇ ಸೂತ್ರಗಳನ್ನು ಕಟ್ಟಿಕೊಟ್ಟಿದ್ದಾರೆ. ನಿಮ್ಮ ಆ್ಯಪಿನವರು ಕನ್ನಡದ ವಿಭಕ್ತಿಗಳ ಗೋಜಿಗೇ ಹೋಗಿಲ್ಲ.”

“ವಿಭಕ್ತಿಗಳ ಕಾಟ ತಾಳಲಾರದೆಯೇ ನಾನು ಶಾಲೆ ಬಿಟ್ಟು ತೋಟ ಹಿಡಿದದ್ದು, ಮೇಷ್ಟ್ರೇ.”

ಬೆಂಗಳೂರಿನ ಕೆಲಸವನ್ನು ಮಳೆಗಾಲವಿಡೀ ಮಾವನ ಮನೆಯಿಂದಲೇ ಮಾಡುತ್ತಿರುವ ಅಳಿಯ ಇನ್ನೊಂದು ತೊಡಕನ್ನು ತೋರಿಸಿದ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಊಕಾರದ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಆ್ಯಪು ಅವನ್ನು ಮೊದಲೇ ಸಮ ಮಾಡಿಕೊಳ್ಳದಿದ್ದರೆ ‘ಕೊಳೆ’ಗೆ ‘ಕೊಳೆ’ಯೇ ಸಿಗುವುದಿಲ್ಲ. ಹೆಗಡೆಯವರು ಪರೀಕ್ಷಿಸಿಯೇಬಿಟ್ಟರು. ಸಿಕ್ಕಿತು, ಮೊದಲ ಸಾಲಿನಲ್ಲಿ ಅಗಸನಿಗೆ ಹಾಕಿದ ಕೊಳೆ ಬಟ್ಟೆಗಳ ಪಟ್ಟಿ, ತುಂಬ ಕೆಳಗೆ ಕೊಳೆರೋಗ.

“ಫಲಿತಾಂಶಗಳಿಗೂ ಪಂಕ್ತಿ ಬೇಕು, ಮಾವ,” ಎಂದ ಅಳಿಯ. “ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂದು ಕಂಪ್ಯೂಟರ್ ವಿಜ್ಞಾನಿ ಕಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಬರೆದರು. ನಿಮ್ಮ ಟಿಪ್ಪಣಿಗಳಲ್ಲಿ ಬೋರ್ಡೋ ದ್ರಾವಣದ ಮೈಲುತುತ್ತ ಅಪರೂಪ, ಆದ್ದರಿಂದ ಅದಕ್ಕೆ ಬೆಲೆ. ಅಡಿಕೆ ಎಲ್ಲೆಲ್ಲೂ ಇರುವುದರಿಂದ ಅದಕ್ಕೆ ಬೆಲೆಯಿಲ್ಲ.”

“ಅಡಿಕೆಗೆ ಬೆಲೆಯಿಲ್ಲವೇ! ಯಾವ ಮಂಡಿಯವನು ಹೇಳಿದ?” ಎಂದು ಹೆಗಡೆಯವರು ಎದ್ದು ನಿಂತರು. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆಯನ್ನು ಅವರು ಒಪ್ಪಿಸಿ ಮುಗಿಸುವವರೆಗೆ ಕಂಪ್ಯೂಟರ್ ವಿಜ್ಞಾನ ಮೂಲೆಯಲ್ಲಿ ಕಾಯಬೇಕಾಯಿತು.

ಧಾರಣೆ ಮುಗಿದ ಮೇಲೆ ಅವರು ಆಡಿದ ಮಾತೇ, ನನ್ನ ಮಟ್ಟಿಗೆ, ಆ ಸಂಜೆಯ ತೂಕದ ಮಾತು. “ಕೂಲಿಯವರಿಗೆ ಮುಂಗಡ ಕೊಟ್ಟದ್ದನ್ನು ಯಾವ ಪದದಲ್ಲಿ ಬರೆದೆನೋ ನನಗೆ ತಿಳಿಯದು. ತುಂಗೆಯಲ್ಲಿ ರಾಮಮಂಟಪ ಮುಳುಗಿದ ಮರುದಿನ ಬರೆದೆನೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ಕೇಳುವ ಪೆಟ್ಟಿಗೆ ಎಲ್ಲಿದೆ?” ಮನಸ್ಸು ಅಕಾರಾದಿಯಾಗಿ ಅಲ್ಲ, ಸಂಬಂಧದಿಂದ ಸಂಬಂಧಕ್ಕೆ ಸಾಗುತ್ತದೆಂದು ಅಮೆರಿಕದ ಎಂಜಿನಿಯರ್ ವ್ಯಾನಿವರ್ ಬುಷ್ 1945ರಲ್ಲೇ ಬರೆದು, ಹಾಗೆ ನಡೆಯುವ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದ್ದರು. ಮಂಟಪ ಮುಳುಗಿದ ಫೋಟೊಕ್ಕೂ ದಿನಾಂಕವಿದೆ, ಟಿಪ್ಪಣಿಗೂ ಇದೆ. ಒಂದನ್ನು ಮುಟ್ಟಿದರೆ ಆ ವಾರದ ಉಳಿದವೆಲ್ಲ ಎದುರಿಗೆ ಬಂದು ಕುಳಿತರೆ ವಿಭಕ್ತಿಯ ಹಂಗೇ ಬೇಕಿಲ್ಲ.

ಬೀಗ ಹಾಕಿದ ಟಿಪ್ಪಣಿಗಳ ಗತಿಯೇನು ಎಂದು ನಾನು ಕೇಳಿದೆ. ಆ್ಯಪು ಪ್ರತಿ ಸಲವೂ ಟಿಪ್ಪಣಿಗಳನ್ನೆಲ್ಲ ಓದುವುದಿಲ್ಲ, ಪದಗಳ ಸೂಚಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳುತ್ತದೆ, ಟಿಪ್ಪಣಿಗೆ ಬೀಗ ಹಾಕಿ ಸೂಚಿಯನ್ನು ತೆರೆದಿಟ್ಟರೆ ಗುಟ್ಟೆಲ್ಲ ಬೀದಿಗೆ ಬಂದಂತೆಯೇ ಎಂದ ಅಳಿಯ, ನಿದರ್ಶನಕ್ಕೆಂದು ಮಾವನ ಫೋನಿನಲ್ಲಿ ‘ಕೈಗಡ’ ಎಂದು ಒತ್ತಿ ಗಟ್ಟಿಯಾಗಿ ಓದಿದ: “ತಮ್ಮನಿಗೆ ಕೊಟ್ಟ ಕೈಗಡ, ಇವಳಿಗೆ ಹೇಳತಕ್ಕದ್ದಲ್ಲ.”

ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, “ಇಷ್ಟು ಚೆನ್ನಾಗಿ ಹುಡುಕಿಕೊಡುತ್ತಿದೆಯಲ್ಲ, ಇದರಲ್ಲಿ ಇನ್ನೇನನ್ನು ಸುಧಾರಿಸಬೇಕೆಂದು ಇಷ್ಟು ಹೊತ್ತು ಕುಳಿತಿದ್ದೀರಿ?” ಎಂದರು.