ಅಪ್‌ಡೇಟ್: ಬದಿಯಡ್ಕದ ಗೇಣಿ ಗದ್ದೆಯಲ್ಲಿ ಹಳದಿಯಾಗಿದ್ದ ಅಲಸಂಡೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾವು ಕೆಲವರು ಸೇರಿ ಗೇಣಿಗೆ ಪಡೆದ ಗದ್ದೆಯಲ್ಲಿ ನನ್ನ ಪಾಲು 5 ಸೆಂಟ್. ಅಲ್ಲಿ ಅಲಸಂಡೆ ಹಳದಿಯಾಗಿ ಮುರುಟುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ.

ಮಣ್ಣು ಪರೀಕ್ಷೆ ಮಾಡಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಕೃಷಿಭವನದ (ಊರಿನ ಸರಕಾರಿ ಕೃಷಿ ಕಚೇರಿ) ಮೂಲಕ ಮಾಡಿಸಿದೆ. ಪಿಎಚ್ 5ಕ್ಕಿಂತ ಕಡಿಮೆ, ಅಂದರೆ ಮಣ್ಣು ತುಂಬಾ ಹುಳಿ! ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಊರಲ್ಲಿ ಜೋರು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅಲಸಂಡೆ ಬೇರಿನ ಗಂಟುಗಳು ಹುಳಿ ಮಣ್ಣಿನಲ್ಲಿ ಸರಿಯಾಗಿ ಬೆಳೆಯುವುದಿಲ್ಲ, ಆ ಸಾರಜನಕ ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ. ಗೇಣಿಗೆ ಕೊಡುವಾಗಲೇ ಎಲ್ಲರಿಗೂ ಹೇಳಬೇಕಾದ ವಿಷಯ ಇದು, ಅಲ್ವಾ?

ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಹಟ್ಟಿಗೊಬ್ಬರ ಹಾಕಿ ಹೊಸದಾಗಿ ಬಿತ್ತಿದೆ. ಈಗ ಬಳ್ಳಿ ಚಪ್ಪರ ಹತ್ತಿದೆ, ಎಲೆ ಕಡುಹಸಿರು. ಗಿಡದ ರಸ ಹೀರುವ ಸಸ್ಯಹೇನು ಮಾತ್ರ ಜಾಸ್ತಿ. ಬೇವಿನೆಣ್ಣೆಗೆ ಸೋಪು ನೀರು ಬೆರೆಸಿ ಸಂಜೆ ಹೊತ್ತು ಹೊಡೆಯುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಗದ್ದೆಯನ್ನು ಭತ್ತಕ್ಕೆ ಬಿಟ್ಟುಕೊಡಬೇಕು.